ಆಮೆನ್ ಸಿಗದ ಸಾಕ್ಷಿ

ಅವರಿಗೆ ಮುಂದಿನ ಹಲ್ಲೊಂದು ಇರಲಿಲ್ಲ. ನಮ್ಮ ಕಡೆ ಹಲ್ಲು ಬಿದ್ದ ಹೆಂಗಸರು ನಗುವಾಗ ಸೆರಗನ್ನು ಬಾಯಿಗೆ ಹಿಡಿಯುತ್ತಾರೆ. ನಮ್ಮ ಪಾಸ್ಟರ್ ಹೆಂಡತಿ ಹಿಡಿಯುತ್ತಿರಲಿಲ್ಲ. ಬಾಯಿ ತುಂಬ ನಗುತ್ತಿದ್ದರು, ಮಾತಾಡಿದರೆ ಆ ಸಂದಿಯಿಂದ ಗಾಳಿ ಸುಂಯ್ ಎನ್ನುತ್ತಿತ್ತು. ಸಿಂದಗಿಯ ನಮ್ಮ ತಗಡಿನ ಸೂರಿನ ಸಣ್ಣ ಕ್ರೈಸ್ತ ಸಭೆಯಲ್ಲಿ ಎಲ್ಲರೂ ಅವರನ್ನು ಅಮ್ಮಾರು ಎನ್ನುತ್ತಿದ್ದೆವು.

ಯಾರ ಮನೆಗೆ ಹೋದರೂ, ಹೊಟ್ಟೆ ಖಾಲಿ ಇದ್ದರೂ, 'ಊಟ ಆಗೇತ್ರಿ' ಎನ್ನುವುದು ನಮ್ಮ ಮಂದಿಯ ಮರ್ಯಾದೆ. ಅಮ್ಮಾರನ್ನು ಕೇಳಿದರೆ, "ಇಲ್ಲವಾ, ಹಸಿವಾಗೇತಿ, ರೊಟ್ಟಿ ಇದ್ರ ಕೊಡು" ಎಂದು ಚಾಪೆಯ ಮೇಲೆ ಕುಳಿತೇ ಬಿಡುತ್ತಿದ್ದರು. ಅವ್ವನಿಗೆ ಇದು ಸೋಜಿಗ. ನನ್ನ ಅವ್ವ ಜಂಪರ್ ಹೊಲಿದು ನನ್ನನ್ನು ಸಾಕುತ್ತಿದ್ದಳು. ಅಪ್ಪ ಸೋಲಾಪುರದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಅವ್ವ ಮಾತ್ರ ತಾನೇ ಸೀರೆ ಕೊಂಡು ತಂದು, "ನಮ್ಮವರು ಕಳಿಸ್ಯಾರ" ಎನ್ನುತ್ತಿದ್ದಳು. ಉಟ್ಟು ಸಭೆಗೆ ಬರುತ್ತಿದ್ದಳು.

ಸಭೆಯಲ್ಲಿ ಪಾಸ್ಟರ್ ಮಾಡುವ ಪ್ರಸಂಗಕ್ಕೆ ಮೊದಲು ಸಾಕ್ಷಿ ಹೇಳುವ ಪದ್ಧತಿ ಇತ್ತು. ಆ ವಾರ ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳಬೇಕು, ಉಳಿದವರು ಆಮೆನ್ ಅನ್ನಬೇಕು. ಬರಬರುತ್ತ ಅದು ದೊಡ್ಡಸ್ತಿಕೆ ಮೆರೆಸುವ ಜಾಗವಾಯಿತು. ಒಬ್ಬರ ಬೋರಿಗೆ ನೀರು ಬಿತ್ತು, ಇನ್ನೊಬ್ಬರ ಮಗಳಿಗೆ ನೌಕರಿಯ ವರ ಸಿಕ್ಕ. ಸುದ್ದಿ ದೊಡ್ಡದಾದಷ್ಟೂ ಆಮೆನ್ ಜೋರು. ಅವ್ವನೂ ಎದ್ದು, "ಸೋಲಾಪುರದಾಗ ನಮ್ಮವರನ್ನ ಕರ್ತ ಚಲೋ ಇಟ್ಟಾನ" ಎಂದು ಹೇಳಿ ತನ್ನ ಪಾಲಿನ ಆಮೆನ್ ತೆಗೆದುಕೊಳ್ಳುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ಅಮ್ಮಾರ ಒಬ್ಬನೇ ಮಗನಿಗೆ ಮೆದುಳು ಜ್ವರ ಬಂತು. ಇಡೀ ಸಭೆ ಉಪವಾಸವಿದ್ದು ಪ್ರಾರ್ಥಿಸಿತು. ಹುಡುಗ ಬಿಜಾಪುರದ ದವಾಖಾನೆಯಲ್ಲಿ ತೀರಿಕೊಂಡ. ಸಿಂದಗಿಗೆ ತಂದು ಮಣ್ಣು ಮಾಡಿದೆವು. ಮುಂದಿನ ರವಿವಾರ ಅಮ್ಮಾರು ಸಾಕ್ಷಿಗೆ ಎದ್ದರು. 'ಎಲ್ಲಾ ಕರ್ತನ ಚಿತ್ತ, ಆತಗ ಸ್ತೋತ್ರ' ಎನ್ನುತ್ತಾರೆಂದು ಎಲ್ಲರೂ ಕಣ್ಣೀರು ತಯಾರು ಮಾಡಿಕೊಂಡು ಕುಳಿತಿದ್ದರು.

"ನನ್ನ ಕೂಸಿಗೆ ಆರಾಮ ಮಾಡಂತ ಕೇಳಿದೆ. ಮಾಡಲಿಲ್ಲ. ನನಗ ದೇವರ ಮ್ಯಾಲ ಸಿಟ್ಟು ಬಂದೈತಿ. ಪ್ರಾರ್ಥನಾಕ್ಕ ಕುಂತ್ರ ಮಾತ ಬರವಲ್ಲವು. ಆದ್ರೂ ಬಂದೇನಿ. ಆತನ್ನ ಬಿಟ್ಟು ಎಲ್ಲಿ ಹೋಗ್ಲಿ?"

ಒಬ್ಬರೂ ಆಮೆನ್ ಅನ್ನಲಿಲ್ಲ. ಪಾಸ್ಟರ್ ತಲೆ ತಗ್ಗಿಸಿ ಬೈಬಲ್ಲಿನ ಹಾಳೆ ತಿರುವಿದರು.

ಅದೇ ಸಂಜೆ, ಸಭೆಯ ಹಿರಿಯರೊಬ್ಬರು ಅಮ್ಮಾರ ಮನೆಗೆ ಬಂದರು. ಅವ್ವ ಅಲ್ಲಿ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಮುಂದಿದ್ದೆ.

"ಅಮ್ಮಾರ, ನೀವ ಹಿಂಗಂದ್ರ ಹೊಸದಾಗಿ ಬಂದ ಮಂದಿ ಏನ ತಿಳ್ಕೋಬೇಕ್ರಿ? ಬರೂ ಐತವಾರ ಎದ್ದು, ದುಃಖದಾಗ ಅಂದೆ, ತಪ್ಪಾತು ಅಂತ ಹೇಳ್ರಿ. ಇಲ್ಲಂದ್ರ ಪಾಸ್ಟರನ್ನ ಇಲ್ಲಿ ಇಟ್ಕೊಳ್ಳೂದು ಕಷ್ಟ ಆಗ್ತೈತಿ."

ಅಮ್ಮಾರು ಸಿಟ್ಟಾಗಲಿಲ್ಲ. ಬಹಳ ದಣಿದಿದ್ದರು.

"ಅಣ್ಣಾರ, ನನ್ನ ಹೊಟ್ಟ್ಯಾಗ ಏನೈತಿ ಅನ್ನೂದು ಯೇಸುಸ್ವಾಮಿಗೆ ಗೊತ್ತೈತಿ. ಗೊತ್ತಿದ್ದೂ ನನ್ನ ಹೊರಗ ಹಾಕಿಲ್ಲ. ಮತ್ತ ನಿಮ್ಮ ಮುಂದ ಯಾಕ ವೇಷ ಹಾಕ್ಲಿ?"

ಹಿರಿಯರು ಚಹಾ ಮುಟ್ಟದೆ ಎದ್ದು ಹೋದರು. ಬೇಸಿಗೆ ಮುಗಿಯುವುದರೊಳಗೆ ಪಾಸ್ಟರನ್ನು ಮುದ್ದೇಬಿಹಾಳದ ಆಚೆಯ ಒಂದು ಹಳ್ಳಿಗೆ ಹಾಕಿದರು. ಅಲ್ಲಿ ಸಭೆಗೆ ಕಟ್ಟಡವೂ ಇರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಅಮ್ಮಾರು ಮಗನ ಗೋರಿಯ ಹತ್ತಿರವೇ ಇರಬಹುದಿತ್ತು. ಹೇಳಲಿಲ್ಲ. ಟೆಂಪೋ ಹತ್ತುವ ಮೊದಲು ಗೋರಿಯ ಬಳಿ ಹೋಗಿ, ಊರಿಗೆಲ್ಲ ಕೇಳುವಂತೆ ಅತ್ತರು.

ಅವರು ಹೋದ ಮೇಲಿನ ರವಿವಾರ ಅವ್ವ ಎದ್ದು ನಿಂತಳು. ಹೊಸ ಸೀರೆಯೇನೂ ಉಟ್ಟಿರಲಿಲ್ಲ. "ನನ್ನ ಗಂಡ ನನ್ನ ಬಿಟ್ಟಾನ್ರಿ. ಸೀರಿ ನಾನ ತಗೊಂತಿದ್ದೆ" ಎಂದು ಹೇಳಿ ಕುಳಿತಳು. ಅದರಿಂದ ನಮಗೆ ಸುಖವೇನೂ ಬರಲಿಲ್ಲ. ಮಂದಿ ಬಾಯಿಗೆ ಬಂದಂತೆ ಆಡಿಕೊಂಡರು, ನನಗೆ ಬಂದಿದ್ದ ಒಂದು ಸಂಬಂಧವೂ ಮುರಿಯಿತು. ಆದರೆ ಇಲ್ಲದ ಗಂಡನ ಸುದ್ದಿ ಕಟ್ಟುವ ಕೆಲಸದಿಂದ ನನ್ನ ಅವ್ವನಿಗೆ ಬಿಡುಗಡೆಯಾಯಿತು. ಅಮ್ಮಾರ ಋಣ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಮೇಲೆ ಅಮ್ಮಾರ ಹೊಟ್ಟೆಯಲ್ಲಿ ಗಡ್ಡೆಯಾಗಿ, ಇನ್ನು ಉಳಿಯುವುದಿಲ್ಲ ಎಂದು ಸುದ್ದಿ ಬಂತು. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಹೋದೆವು. ಹಾಸಿಗೆಯ ಸುತ್ತ ಹೆಂಗಸರು ಕೀರ್ತನೆ ಹಾಡುತ್ತಿದ್ದರು. "ನಿಮಗೇನ ಅಂಜಿಕ್ರೀ ಅಮ್ಮಾರ, ನಿಮ್ಮ ನಂಬಿಗಿ ದೊಡ್ಡದು" ಎಂದಳು ಒಬ್ಬಾಕೆ.

"ಅಂಜಿಕಿ ಬಂದೈತವಾ, ಭಾಳ ಬಂದೈತಿ. ಹಾಡ ನಿಂದ್ರಿಸಿ ಬಾಜೂಕ ಕುಂಡ್ರು."

ಹಾಡು ನಿಂತಿತು. ಅವ್ವ ಅವರ ಪಾದ ಹಿಡಿದು ಕುಳಿತಳು. ಅಮ್ಮಾರು ಆ ವಾರವೇ ಹೋದರು.

ಮಣ್ಣಿಗೆ ಸಿಂದಗಿಯ ಆ ಹಿರಿಯರೂ ಬಂದಿದ್ದರು. ಕುಣಿಯ ಮುಂದೆ ನಿಂತು ದೊಡ್ಡ ದನಿಯಲ್ಲಿ, "ಮಗ ಹೋದಾಗ ಈ ತಾಯಿ ದೇವರ ಮ್ಯಾಲ ಒಂದ ಮಾತ ಅನ್ನಲಿಲ್ಲ" ಎಂದರು. ಆಮೆನ್ ಎಂದು ಎಲ್ಲ ಕಡೆಯಿಂದ ಕೇಳಿತು. ನನ್ನ ಮೈ ಉರಿಯಿತು. ಅಷ್ಟರಲ್ಲಿ ಪಾಸ್ಟರ್ ಕೈ ಎತ್ತಿದರು.

"ಅಂದಿದ್ಲು. ಎಲ್ಲಾರ ಮುಂದ ಅಂದಿದ್ಲು. ನಾನ ತಲಿ ತಗ್ಗಿಸಿದ್ನಿ" ಎಂದರು. ಹಿರಿಯರ ಕಡೆ ತಿರುಗಿ, "ಸುಳ್ಳು ಹೇಳಿ ಆಕೀನ್ನ ಮಣ್ಣ ಮಾಡಬ್ಯಾಡ್ರಿ" ಎಂದರು.