ಮಂಜಿಗೆ ಗಂಟು ಕಟ್ಟದ ಹಮ್ಮಣ್ಣ

ಹಮ್ಮಣ್ಣ ಏನನ್ನೇ ನೋಡಲಿ, ಎಡಗಣ್ಣು ಮುಚ್ಚಿಯೇ ನೋಡುತ್ತಿದ್ದ. ದಿಮ್ಮಿಯ ಮೇಲೆ ನೂಲು ಹೊಡೆದು, ಗೆರೆ ನೆಟ್ಟಗಿದೆಯೇ ಎಂದು ನೋಡಿ ನೋಡಿ ಬಂದ ಅಭ್ಯಾಸ ಅದು. ಮೀನು ಕೊಳ್ಳುವಾಗಲೂ ಹಾಗೆಯೇ, ಮದುವೆಯ ಚಪ್ಪರ ನೋಡುವಾಗಲೂ ಹಾಗೆಯೇ. ಒಮ್ಮೆ ಮದುವಣಿಗನ ಅಪ್ಪನ ಎದುರಿಗೇ, "ನಿಮ್ಮ ಕಂಬ ಒಂದು ಬೆರಳು ಬಲಕ್ಕೆ ವಾಲಿದೆ ನೋಡಿ" ಎಂದು ಹೇಳಿ, ಊಟಕ್ಕೆ ಮೊದಲು ಬೈಗುಳ ತಿಂದಿದ್ದ.

ಬೇಲೆಕೇರಿಯಲ್ಲಿ ಸರಕಿನ ಹಾಯಿದೋಣಿ ಮಚವೆ ಕಟ್ಟುವವರಿಗೆ ಹಲಗೆ ಕೊಯ್ದುಕೊಡುವುದು ನಮ್ಮಿಬ್ಬರ ಕೆಲಸ. ಗುಂಡಿಯ ಮೇಲೆ ದಿಮ್ಮಿ ಅಡ್ಡ ಇಟ್ಟು, ಒಬ್ಬ ಮೇಲೆ ನಿಂತು, ಒಬ್ಬ ಗುಂಡಿಯಲ್ಲಿ ನಿಂತು ಉದ್ದ ಗರಗಸ ಎಳೆಯಬೇಕು. ಮೇಲಿನವ ಗೆರೆ ಕಾಯುತ್ತಾನೆ. ಕೆಳಗಿನವ ಮರದ ಹುಡಿ ತಿನ್ನುತ್ತಾನೆ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹನ್ನೊಂದು ವರ್ಷ ಹುಡಿ ತಿಂದೆ. ಹಮ್ಮಣ್ಣ ಒಂದು ದಿನವೂ ಕೆಳಗೆ ಇಳಿದವನಲ್ಲ. ಅವನ ಗೆರೆ ಒಂದು ಕೂದಲಿನಷ್ಟೂ ಸರಿಯುತ್ತಿರಲಿಲ್ಲವಾದ್ದರಿಂದ ನಾನೂ ಕೇಳಿರಲಿಲ್ಲ.

ಅವನನ್ನು ಸಾಕಿದವಳು ಅಕ್ಕ ದೇವಮ್ಮ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಯಾರ ಯಾರದೋ ಗದ್ದೆಯಲ್ಲಿ ನಟ್ಟಿ ಮಾಡಿ ತಮ್ಮನನ್ನು ದೊಡ್ಡವನನ್ನಾಗಿ ಮಾಡಿದಳು. ಗೋಕರ್ಣದಿಂದ ಆಚೆಗೆ ಊರು ಕಂಡವಳಲ್ಲ. ಅವಳು ತಮ್ಮನಲ್ಲಿ ಕೇಳಿದ್ದು ಒಂದೇ: ಜೋಗ ನೋಡಬೇಕು.

"ತೋರಿಸ್ತೆ, ತಡಿ" ಎಂದಿದ್ದ ಹಮ್ಮಣ್ಣ.

ತಡೆದದ್ದು ಮೂರು ವರ್ಷ. ಅದು ಸಾವಿರದ ಒಂಬೈನೂರ ಮೂವತ್ತರ ಮೇಲಿನ ಇಸವಿಗಳ ಮಾತು. ಮೋಟಾರಿನಲ್ಲಿ ಜೋಗಕ್ಕೆ ಹೋಗುವುದು ವಕೀಲರಿಗೆ, ಸಾಹೇಬರಿಗೆ. ಹಮ್ಮಣ್ಣ ದಂಡೆಗೆ ಬಂದ ಮಚವೆ ನಡೆಸುವ ಪ್ರತಿ ತಾಂಡೇಲನನ್ನೂ ಹಿಡಿದು ಕೇಳಿದ. ಘಟ್ಟ ಇಳಿದು ಬಂದ ಗಾಡಿಯವರನ್ನೂ ಬಿಡಲಿಲ್ಲ. ತೊಡಕು ಇದ್ದದ್ದು ದುಡ್ಡಿನಲ್ಲಲ್ಲ, ಕಾಲದಲ್ಲಿ. ಜೋಗ ತುಂಬಿ ಬೀಳುವಾಗ ಕಡಲು ಮುಚ್ಚಿರುತ್ತದೆ, ಮಚವೆ ಬಿಡುವುದಿಲ್ಲ. ಕಡಲು ತೆರೆದು ಗಾಳಿ ಹದಕ್ಕೆ ಬರುವಷ್ಟರಲ್ಲಿ ಜೋಗದಲ್ಲಿ ನೀರು ಇಳಿಯುತ್ತದೆ. ಬಡವರಿಗೆ ನವರಾತ್ರಿಯ ಆಚೆ ಈಚೆ ನಾಲ್ಕು ದಿನ ಮಾತ್ರ ಸಂದು.

ಆ ಸಂದಿಗೆ ಸರಿಯಾಗಿ ಹೊನ್ನಾವರಕ್ಕೆ ಸರಕು ಒಯ್ಯುವ ಮಚವೆಯೊಂದನ್ನು ಗೊತ್ತುಮಾಡಿದ.

"ನಾವಿಬ್ಬರೂ ಸರಕು ಏರಿಸಿ ಇಳಿಸಿ ಕೊಡ್ತೆವು. ಮೂರು ಜನರ ಬಾಡಿಗೆ ಬಿಡ್ತ್ಯೋ?"

"ಮೂರನೆಯವಳು ನಿನ್ನ ಅಕ್ಕ ಅಲ್ದೋ? ಅವಳಿಗೂ ಒಂದು ಹುಟ್ಟು ಕೊಡ್ತೆ" ಎಂದು ತಾಂಡೇಲ ನಕ್ಕ.

"ಕೊಡೋ. ನನ್ನ ತಮ್ಮನಿಗಿಂತ ಚಂದ ಹಾಕ್ತೆ" ಎಂದಳು ಅಲ್ಲೇ ನಿಂತಿದ್ದ ದೇವಮ್ಮ.

ಹೊನ್ನಾವರದಿಂದ, ಕಡಲು ಉಕ್ಕಿ ಹೊಳೆಗೆ ಏರುವ ಭರತದ ನೀರಿನ ಜೊತೆ ಹೊಳೆದೋಣಿಯಲ್ಲಿ ಗೇರುಸೊಪ್ಪೆ. ಅಲ್ಲಿಂದ ಉಪ್ಪಿನ ಗಾಡಿಗಳ ಹಿಂದೆ ನಡೆದು ಘಟ್ಟ. ಗಾಡಿಯ ಮೇಲೆ ಮೂಟೆ ಇಡಲು ಗಾಡಿಯವ ಏನೂ ಕೇಳುವುದಿಲ್ಲ, ಕುಳಿತರೆ ಕೇಳುತ್ತಾನೆ. ಊಟಕ್ಕೂ ಹಮ್ಮಣ್ಣನದೇ ಏರ್ಪಾಡು. ಅಕ್ಕನ ಹಳೆಯ ಸೀರೆಯ ಉದ್ದ ತುಂಡಿನಲ್ಲಿ ಒಂದೊಂದು ಹೊತ್ತಿನ ಕುಚ್ಚಲಕ್ಕಿಯನ್ನು ಒಂದೊಂದು ಗಂಟು ಕಟ್ಟಿದ. ಇದು ಹೊನ್ನಾವರದ ಗಂಟು, ಇದು ಘಟ್ಟದ ಗಂಟು, ಇದು ಜೋಗದ ಗಂಟು. ಹೊತ್ತಿಗೊಂದು ಬಿಚ್ಚುವುದು, ಮುಂದಿನದನ್ನು ಮುಟ್ಟುವುದಿಲ್ಲ.

ಎಲ್ಲವೂ ಅವನು ಹೇಳಿದ ಹಾಗೆಯೇ ನಡೆಯಿತು. ಅಕ್ಕ ನಿಧಾನ ನಡೆದಾಳೆಂದು ಒಂದು ದಿನ ಹೆಚ್ಚು ಇಟ್ಟಿದ್ದ; ಅವಳು ನಮಗಿಂತ ಮುಂದೆಯೇ ನಡೆದಳು. ಜೋಗಕ್ಕೆ ಮುಟ್ಟಿದಾಗ ಮಧ್ಯಾಹ್ನ. ಮೋಟಾರಿನಲ್ಲಿ ಬಂದವರು ಇಳಿದುಕೊಳ್ಳುವ ಬಂಗಲೆಯ ಹಿತ್ತಲಿನ ಅಂಚಿಗೆ ಹೋಗಿ ನಿಂತೆವು. ಎದುರಿಗೆ ಏನೂ ಇಲ್ಲ. ಬರೀ ಬಿಳಿ. ಕಣಿವೆ ತುಂಬ ಮಂಜು, ಒಳಗೆಲ್ಲೋ ಗುಡುಗಿದ ಹಾಗೆ ನೀರಿನ ಸದ್ದು. ಸಂಜೆಯವರೆಗೆ ನಿಂತರೂ ಅಷ್ಟೇ. ಜೋಗದ ಗಂಟು ಬೆಂದು ಹೊಟ್ಟೆಗೆ ಹೋಯಿತು; ಉಳಿದದ್ದು ಇಳಿಯುವ ದಾರಿಯ ಗಂಟು ಮಾತ್ರ. ಮಂಜಿಗೆ ಅವನು ಗಂಟು ಕಟ್ಟಿರಲಿಲ್ಲ.

"ಸದ್ದು ಕೇಳ್ತಲ್ಲ ಅಕ್ಕ. ಬೆಳಿಗ್ಗೆ ಇಳಿವಾ" ಎಂದ ಹಮ್ಮಣ್ಣ.

"ಸದ್ದು ಕೇಳೂಕೆ ಬೇಲೆಕೇರಿ ಕಡಲು ಸಾಲದೇನೋ ಹಮ್ಮೂ? ನಾಳೆ ನನಗೆ ಏಕಾದಶಿ ಅಂತ ತಿಳ್ಕೋ. ನೋಡದೆ ನಾ ಬರೂದಿಲ್ಲ."

ಬಂಗಲೆ ಕಾಯುವ ಮೇಟಿ ಈ ಮಾತು ಕೇಳುತ್ತ ನಿಂತಿದ್ದ. ಹಿತ್ತಲಲ್ಲಿ ಗುಂಡಿಯ ಮೇಲೆ ಅರ್ಧ ಕೊಯ್ದ ದಿಮ್ಮಿಯೊಂದು ಗರಗಸ ಸಮೇತ ಬಿದ್ದಿತ್ತು. ಕೊಯ್ಯಲು ಬಂದವರು ಜ್ವರ ಹಿಡಿದು ಊರಿಗೆ ಹೋಗಿದ್ದರು. ಅದನ್ನು ಮುಗಿಸಿಕೊಟ್ಟರೆ ಮೂವರಿಗೂ ಅಕ್ಕಿ, ಮಲಗಲು ಜಗಲಿ ಎಂದ.

ಮರುದಿನ ಗರಗಸಕ್ಕೆ ಕೈ ಹಾಕುವಾಗ ನಾನು ಹೇಳಿದೆ: "ಊರಲ್ಲಾದರೆ ಸೈ. ಇಲ್ಲಿ ಹೊಟ್ಟೆಯ ಅಕ್ಕಿಗೋಸ್ಕರ, ಮೋಟಾರಿನಲ್ಲಿ ಬಂದವರ ಎದುರಿಗೆ, ನಾ ಗುಂಡಿಗೆ ಇಳಿಯೂದಿಲ್ಲ."

ಹಮ್ಮಣ್ಣ ಎಡಗಣ್ಣು ಮುಚ್ಚಿ ನನ್ನನ್ನೊಮ್ಮೆ ನೋಡಿದ. "ಅಡ್ಡಿಲ್ಲ" ಎಂದು ಪಂಚೆ ಎತ್ತಿ ಕಟ್ಟಿ ತಾನೇ ಇಳಿದ.

ನಾವು ಎಳೆಯುತ್ತಿದ್ದೆವು. ದೇವಮ್ಮ ಅಂಚಿನಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ, ಮಂಜು ಬಾಗಿಲು ತೆರೆದ ಹಾಗೆ ಎರಡು ಪಾಲಾಯಿತು. ದಿಮ್ಮಿಯ ಮೇಲೆ ನಿಂತವನಿಗೆ ನಾಲ್ಕು ಧಾರೆಯೂ ಕಂಡವು. ನಾನು ನೋಡುತ್ತಲೇ ಗರಗಸ ಎಳೆದೆ. ಆಮೇಲೆ ಎಳೆಯುವುದನ್ನೂ ಬಿಟ್ಟೆ. ಕೆಳಗೆ ಒಬ್ಬನಿದ್ದಾನೆ ಎಂಬುದು ನೆನಪಾಗಿ, "ಹಮ್ಮಣ್ಣ, ಮೇಲೆ ಬಾ!" ಎಂದು ಕೂಗಿ, ಅವನು ಹುಡಿ ತುಂಬಿದ ಕಣ್ಣು ಒರೆಸಿಕೊಂಡು ಹತ್ತಿ ಬರುವಷ್ಟರಲ್ಲಿ ಮೊದಲಿನ ಬಿಳಿಯೇ ಆಗಿತ್ತು.

ಅವನು ಬೈಯಲಿಲ್ಲ. ಕೊಯ್ದ ಸೀಳಿನ ಮೇಲೆ ಹೆಬ್ಬೆರಳು ಓಡಿಸಿಕೊಂಡು ಬಂದು ಒಂದು ಕಡೆ ನಿಲ್ಲಿಸಿದ. ಗೆರೆ ಬಿಟ್ಟು ಗರಗಸ ಅಲ್ಲಿ ಪಕ್ಕಕ್ಕೆ ಹೋಗಿತ್ತು.

"ಇಲ್ಲಿ ಕಂಡದ್ದೋ?" ಎಂದ.

ನಾನು ಗೋಣು ಹಾಕಿದೆ. ಅವನು ಅಂಚಿನ ಕಡೆ ನೋಡಿ ದನಿ ತಗ್ಗಿಸಿದ. "ನೀರಿನ ಸದ್ದಿಗೆ ಅಕ್ಕನಿಗೆ ಕೂಗು ಕೇಳಲಿಲ್ಲ, ತಿರುಗಿ ನೋಡಲಿಲ್ಲ. ನಾ ಗುಂಡಿಯಲ್ಲಿದ್ದೆ ಅಂತ ಹೇಳಬೇಡ. ಅವಳಿಗೆ ಕಂಡ ಸುಖ ಇರೂದಿಲ್ಲ."

ಮೇಟಿಯ ಬಾಚಿ ಕೇಳಿ ತಂದು, ಸೊಟ್ಟಾದ ಹಲಗೆಯನ್ನು ಕೆತ್ತಿ ಸರಿಮಾಡಲು ಕುಳಿತ. "ನಾ ಕೆತ್ತುತ್ತೆ, ನೀ ಅಂಚಿಗೆ ಹೋಗಿ ನಿಲ್ಲು" ಎಂದೆ. "ಬೇಡ. ನಿನ್ನ ಕಣ್ಣು ಇನ್ನೂ ಆಚೆಗೇ ಅದೆ" ಎಂದ. ಕತ್ತಲಾಗುವವರೆಗೆ ಕೆತ್ತಿದ. ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಹೊನ್ನಾವರದ ಮಚವೆ ತಪ್ಪಬಾರದೆಂದು ಇಳಿದುಬಂದೆವು.

ದಾರಿಯಲ್ಲಿ ಅಕ್ಕ ಮುಂದೆ ಹೋದಾಗೆಲ್ಲ ಅವನು ನನ್ನನ್ನು ಕೇಳುತ್ತಿದ್ದ: ಎಡಗಡೆಯದು ಎಷ್ಟು ದಪ್ಪ? ಕಲ್ಲಿಗೆ ತಾಗಿ ಬೀಳ್ತದೋ, ಬಿಟ್ಟು ಬೀಳ್ತದೋ? ನಾನು ಹೇಳಿದ್ದನ್ನೆಲ್ಲ ಇಟ್ಟುಕೊಂಡ. ಊರಿಗೆ ಬಂದ ಮೇಲೆ, ಅದುವರೆಗೆ ಹತ್ತು ಮಾತು ಒಟ್ಟಿಗೆ ಆಡದ ಮನುಷ್ಯ ಜೋಗದ ಸುದ್ದಿ ಎತ್ತಿದರೆ ನಿಲ್ಲಿಸುತ್ತಿರಲಿಲ್ಲ. ಅಕ್ಕ ಪಕ್ಕದಲ್ಲಿ ಕುಳಿತು ತಲೆಯಾಡಿಸುತ್ತಿದ್ದಳು.

ಮುಂದೆ ನಾನು ಕಾರವಾರಕ್ಕೆ ಹೋಗಿ ಸ್ವಂತ ಕೆಲಸ ಹಿಡಿದೆ. ಕೊನೆಯ ಸಲ ಅವನನ್ನು ಕಂಡದ್ದು ಕೋಡಿಬಾಗದ ದಕ್ಕೆಯಲ್ಲಿ. ಕೆಲಸಕ್ಕೆಂದು ಹೊಳೆ ದಾಟಿ ಚಿತ್ತಾಕುಲಕ್ಕೆ ಹೊರಟಿದ್ದ. "ನನ್ನ ಖರ್ಚಿನಲ್ಲಿ ಮೋಟಾರಿನಲ್ಲೇ ಹೋಗ್ವಾ, ಜೋಗ ನೋಡಿ ಬರ್ವಾ" ಎಂದೆ. "ನೋಡಿದ್ದನ್ನು ಎಷ್ಟು ಸಲ ನೋಡೂದು ಮಾರಾಯ" ಎಂದು ನಕ್ಕು ದೋಣಿ ಹತ್ತಿದ. ಎಲ್ಲ ಗೊತ್ತಿದ್ದ ನನ್ನ ಹತ್ತಿರವೂ ಹಾಗೆಯೇ ಹೇಳಿದ.

ಅವನು ತೀರಿಕೊಂಡ ಸುದ್ದಿ ಮಳೆಗಾಲದಲ್ಲಿ ತಡವಾಗಿ ಮುಟ್ಟಿತು. ಮಳೆ ಬಿಟ್ಟ ಮೇಲೆ ಬೇಲೆಕೇರಿಗೆ ಹೋದೆ. ದೇವಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಕುಡಿಯಲು ನೀರು, ಬೆಲ್ಲ ಕೊಟ್ಟು ಕುಳಿತಳು. "ಅವ ಜೋಗ ನೋಡಲಿಲ್ಲ, ಅಲ್ದೋ ತಮಾ?" ಎಂದಳು.

ನಾನು ನೀರಿನ ತಂಬಿಗೆ ಕೆಳಗಿಟ್ಟೆ.

"ಅವ ಜನರ ಹತ್ತಿರ ಹೇಳೂದು ಕೇಳಿದ ದಿವಸವೇ ಗೊತ್ತಾಯ್ತು. ನಾ ಕಂಡವಳು, ನನಗೆ ಎರಡು ಮಾತು ಹೇಳೂಕೂ ಬರೂದಿಲ್ಲ. ಅವ ಅಷ್ಟೆಲ್ಲ ಹೇಳ್ತಿದ್ದ. ಹೇಳಲಿ ಅಂತ ನಾ ಸುಮ್ಮನೆ ಕೂತು ಕೇಳ್ತಿದ್ದೆ."

ಭತ್ತಕ್ಕೆ ಕೋಳಿ ಬಂದಿತ್ತು. ಎದ್ದು ಹೋಗಿ ಓಡಿಸಿದಳು.