ಅರ್ಧ ಮುಚ್ಚಳ ಗೊಬ್ಬರ

ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚುತ್ತ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾಗ ಫೋನ್ ಬಂತು. ಎರಡೂ ಕೈ ಹುಳಿ. ಮೊಣಕೈಯಿಂದ ಒತ್ತಿ ಸ್ಪೀಕರ್ ಮಾಡಿಕೊಂಡೆ. ಅಂದು ನಮ್ಮ ಸಯನ್ನಿನ ಬಿಲ್ಡಿಂಗಿನಲ್ಲಿ ನಲ್ಲಿ ನೀರು ಅರ್ಧ ಗಂಟೆ ಹೆಚ್ಚು ಬಂದಿತ್ತು. ಆ ಖುಷಿಯಲ್ಲೇ ಪಾತ್ರೆಗಳನ್ನೆಲ್ಲ ಕೆಳಗಿಳಿಸಿದ್ದೆ. ಇಂಥ ಚಿಕ್ಕಪುಟ್ಟ ಕೃಪೆಗಳನ್ನು ಎಣಿಸಿಕೊಳ್ಳುವುದು ನನ್ನ ಚಟ. ದೊಡ್ಡದು ಬಂದಾಗ ಗುರುತು ಸಿಗಬೇಕಲ್ಲ.

"ಬದುಕಿದ್ದೀಯಾ ಮಾರಾಯ್ತಿ?"

ಮುಂಬಯಿಯಲ್ಲಿ ನನ್ನನ್ನು ಹೀಗೆ ಕೇಳುವವರು ವಾರಿಜಕ್ಕ ಒಬ್ಬರೇ. ಆಂಟಾಪ್ ಹಿಲ್ಲಿನ ಹಳೆಯ ಕಾಲೊನಿಯಲ್ಲಿ ಹನ್ನೊಂದು ವರ್ಷ ನಮ್ಮಿಬ್ಬರದು ಎದುರುಬದುರು ಬಾಗಿಲು. ಈಗ ಅವರು ಡೊಂಬಿವಲಿಯಲ್ಲಿ ಮಗನ ಜೊತೆ ಇದ್ದಾರೆ.

"ಮುಂದಿನ ವಾರ ಉಡುಪಿಗೆ ಹೊರಟೆ. ಇನ್ನು ಮಗಳ ಹತ್ತಿರವೇ ಇರುದು, ಈ ಕಡೆ ವಾಪಸ್ ಇಲ್ಲ. ಆ ಅಡೇನಿಯಂ ಕುಂಡ ಉಂಟಲ್ಲ, ರೈಲಿನಲ್ಲಿ ಹೊತ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಶನಿವಾರ ಮಗ ನಿನ್ನ ಮನೆಗೆ ತಂದಿಡ್ತಾನೆ. ಅದು ನಿನಗೇ ಸೇರಬೇಕಾದ್ದು."

"ಆಗ್ಲಿ ಅಕ್ಕಾ, ಕಳಸ್ರಿ" ಎಂದೆ. ಫೋನ್ ಇಟ್ಟರು. ನನ್ನ ಕೈ ಮಾತ್ರ ಪಂಚಪಾತ್ರೆಯ ಮೇಲೆ ಹಾಗೇ ನಿಂತುಬಿಟ್ಟಿತು. ಆ ಗಿಡದ ವಿಷಯದಲ್ಲಿ ಹದಿನಾರು ವರ್ಷದಿಂದ ನಾನು ಅವರಿಗೆ ಒಂದು ಸುಳ್ಳನ್ನು ಹೇಳಿಕೊಂಡೇ ಬಂದಿದ್ದೇನೆ. ದೇವರ ಮುಂದೆ ಎಷ್ಟೋ ಸಲ ಒಪ್ಪಿಕೊಂಡದ್ದುಂಟು. ದೇವರಿಗೆ ಹೇಳುವುದು ಸುಲಭ, ಅವನು ಬೆಳಿಗ್ಗೆ ಎದ್ದು ಎದುರು ಬಾಗಿಲು ತೆರೆಯುವುದಿಲ್ಲ.

ನೀವು ಅಡೇನಿಯಂ ನೋಡಿರಬಹುದು. ಕಾಂಡದ ಬುಡ ಊಟ ಮುಗಿಸಿ ಕೂತ ಸೇಠಜಿಯ ಹೊಟ್ಟೆಯಂತೆ ಉಬ್ಬಿರುತ್ತದೆ. ಮೈಯಲ್ಲೇ ನೀರು ಕೂಡಿಟ್ಟುಕೊಳ್ಳುವ ಇಂಥ ಗಿಡಗಳಿಗೆ ನರ್ಸರಿಯವರು ಸಕ್ಯುಲೆಂಟ್ ಎನ್ನುತ್ತಾರೆ. ವಾರಿಜಕ್ಕನ ಬಾಗಿಲ ಮುಂದೆ ಹೋಟೆಲಿನ ಎಣ್ಣೆ ಡಬ್ಬಗಳಲ್ಲಿ ಇಂಥವು ಹತ್ತಿಪ್ಪತ್ತು ಇದ್ದವು. ಅಡೇನಿಯಂ ಮಾತ್ರ ಒಂದೇ. ಅವರ ಯಜಮಾನರು ಹೋಟೆಲಿನಲ್ಲಿ ಅಡುಗೆಯವರು. ಅಲ್ಲಿ ಯಾರೋ ಬಿಸಾಡಿದ್ದ ಒಣಕಲು ಗಿಡವನ್ನು ಹೊತ್ತು ತಂದಿದ್ದರು. ವಾರಿಜಕ್ಕ ಅದನ್ನು ಬದುಕಿಸಿದರು. ಯುಗಾದಿಯ ಆಸುಪಾಸಿಗೆ ಕುಂಕುಮದಂಥ ಹೂ. ಯಜಮಾನರು ತೀರಿಕೊಂಡ ಮೇಲೆ ಅವರು ಮೊದಲು ಮಾತಾಡಿಸುತ್ತಿದ್ದುದು ಆ ಗಿಡವನ್ನು, ಆಮೇಲೆ ನನ್ನನ್ನು.

ಗೊಬ್ಬರ ಹಾಕುವುದರಲ್ಲಿ ಅವರದು ಕಡು ಶಿಸ್ತು. ಅಳತೆಗೆ ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳ. ಪೊಟ್ಟಣದ ಮೇಲೆ ಒಂದು ಮುಚ್ಚಳ ಎಂದಿದ್ದರೆ ಇವರು ಅರ್ಧ ಮುಚ್ಚಳವನ್ನು ಬಕೆಟ್ ನೀರಿಗೆ ಕಲಸುವರು. ಮೊದಲು ಬರೀ ನೀರು, ಮಣ್ಣು ನೆಂದ ಮೇಲೆ ಗೊಬ್ಬರದ ನೀರು. ಒಣ ಬೇರಿಗೆ ಹಾಕಿದರೆ ಸುಡುತ್ತದೆ. ಕುಂಡ ಬದಲಿಸಿದ ತಿಂಗಳು ಏನೂ ಇಲ್ಲ. "ಎಲೆಯ ಗೊಬ್ಬರ ಬೇರೆ, ಹೂವಿನದು ಬೇರೆ. ಎಲೆಯದ್ದೇ ತಿನ್ನಿಸಿದರೆ ಮೈ ಬರ್ತದೆ, ಹೂ ಬರುದಿಲ್ಲ" ಎನ್ನುತ್ತ ನನ್ನ ಸೊಂಟದ ಕಡೆ ಒಮ್ಮೆ ನೋಡುವರು. ಚಳಿಗಾಲದಲ್ಲಂತೂ ಪೂರ್ತಿ ಉಪವಾಸ. "ಅದು ಮಲಗಿರ್ತದೆ. ಮಲಗಿದವರ ಬಾಯಿಗೆ ಅನ್ನ ತುರುಕ್ತಾರಾ?"

ಆ ವರ್ಷ ನಾನು ಮಾಡಿದ್ದು ಅದನ್ನೇ.

ಅವರು ನಾದಿನಿಯ ಮಗಳ ಬಾಣಂತನಕ್ಕೆಂದು ಊರಿಗೆ ಹೊರಟಾಗ ಕೀಲಿಕೈ ನನಗೆ ಕೊಟ್ಟರು. "ವಾರಕ್ಕೊಂದು ಲೋಟ ನೀರು, ಅಷ್ಟೇ. ಬೇರೆಂಥದ್ದೂ ಬೇಡ, ಕೇಳಿತಾ?" ಎಂದರು. ಆಗ ಧನುರ್ಮಾಸ. ನಮ್ಮ ವಿಜಾಪುರದ ಕಡೆ ಧನುರ್ಮಾಸವೆಂದರೆ ದಿನವೂ ಬೆಳಿಗ್ಗೆ ಅಭಿಷೇಕ, ಹುಗ್ಗಿಯ ನೈವೇದ್ಯ. ಅಭಿಷೇಕದ ಹಾಲು, ಮೊಸರು, ಜೇನುತುಪ್ಪದ ನೀರನ್ನು ಮೋರಿಗೆ ಬಿಡುವಂತಿಲ್ಲ, ಯಾರ ಕಾಲಿಗೂ ತಾಗುವಂತಿಲ್ಲ. ಊರಿನಲ್ಲಾದರೆ ಹಿತ್ತಲಿತ್ತು. ಮೂರನೇ ಮಹಡಿಯಲ್ಲಿ ನನಗಿದ್ದದ್ದು ಒಂದು ತುಳಸಿ ಕುಂಡ, ಅದು ಆಗಲೇ ಕೊಳೆಯುವ ಹಾದಿ ಹಿಡಿದಿತ್ತು. ಎದುರು ಬಾಗಿಲಲ್ಲಿ ಅಡೇನಿಯಂ ಎಲೆ ಉದುರಿಸುತ್ತ ನಿಂತಿತ್ತು. ಪಾಪ, ಒಡತಿಯಿಲ್ಲದ ಗಿಡ, ಹಸಿದಿದೆ. ದೇವರು ಮಿಂದ ಹಾಲಿಗಿಂತ ಒಳ್ಳೆಯ ಗೊಬ್ಬರ ಯಾವುದಿದ್ದೀತು ಎಂದು ದಿನಕ್ಕೊಂದು ಚೊಂಬು ಎರೆದೆ. ಚಿಗುರದಿದ್ದಾಗ ಪೊಟ್ಟಣದ ಗೊಬ್ಬರ ಒಂದು ಮುಚ್ಚಳ ಹಾಕಿದೆ, ದೇವರ ಹೆಸರಿನಲ್ಲಿ ಇನ್ನೊಂದು.

ಮೂರನೇ ವಾರ ಗಿಡದ ಹೊಟ್ಟೆ ಮುಟ್ಟಿದರೆ ಕಳಿತ ಬಾಳೆಹಣ್ಣಿನಂತೆ ಬೆರಳು ಒಳಗೆ ಹೋಯಿತು. ಹುಳಿಮೊಸರಿನ ವಾಸನೆ, ಸಾಲು ಇರುವೆ.

ಕೂತು ಅತ್ತುಬಿಟ್ಟೆ. ಆಮೇಲೆ ದಾದರ್‌ಗೆ ಹೋದೆ. ನಾಲ್ಕು ನರ್ಸರಿ ಸುತ್ತಿ ಅದೇ ಎತ್ತರದ, ಅದೇ ಹೊಟ್ಟೆಯ ಗಿಡವನ್ನು ಆರಿಸಿ ಚೀಲದಲ್ಲಿಟ್ಟುಕೊಂಡು ಲೋಕಲ್ ಹತ್ತಿದೆ. "ತಾಯಿ, ಸುರಣ್ ಕುಠೂನ್ ಆಣಲಾ?" ಎಂದು ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಕೇಳಿದಳು. ಗಿಡದ ಉಬ್ಬನ್ನು ಸುವರ್ಣಗೆಡ್ಡೆ ಎಂದುಕೊಂಡು, ಎಲ್ಲಿಂದ ತಂದಿರಿ ಎನ್ನುತ್ತಿದ್ದಳು. ಹೌದೆಂದು ತಲೆಯಾಡಿಸಿದೆ. ಒಂದು ಸುಳ್ಳು ಶುರುವಾಗಿತ್ತಲ್ಲ, ಇನ್ನೊಂದು ಭಾರವೆನಿಸಲಿಲ್ಲ. ಗಿಡವನ್ನು ಅದೇ ಡಬ್ಬಕ್ಕೆ ನೆಟ್ಟೆ. ವಾರಿಜಕ್ಕ ಬಂದ ದಿನ ಹೋಳಿಗೆ ಮಾಡಿಕೊಂಡು ಹೋದೆ. ಅವರು ಗಿಡದ ಮುಂದೆ ಸ್ವಲ್ಪ ಹೊತ್ತು ನಿಂತು, "ಚೆನ್ನಾಗಿ ನೋಡಿಕೊಂಡಿದ್ದಿ" ಎಂದು ಹೋಳಿಗೆ ತಿಂದರು.

ಅದು ಹೂ ಬಿಡುವ ದಿನ ನನ್ನ ಬಣ್ಣ ಬಯಲಾಗುತ್ತದೆಂದು ಹೆದರಿಕೊಂಡೇ ಇದ್ದೆ. ನರ್ಸರಿಯವನಿಗೆ ಬಣ್ಣ ಗೊತ್ತಿರಲಿಲ್ಲ. ಆದರೆ ಹೂವೇ ಬಿಡಲಿಲ್ಲ. ಪ್ರತಿ ಬೇಸಿಗೆ ಕೇಳುತ್ತಿದ್ದೆ. "ಅದಕ್ಕಿನ್ನೂ ಮನಸ್ಸಾಗಲಿಲ್ಲ" ಎನ್ನುತ್ತಿದ್ದರು. ಕೆಳಗಿನ ಮನೆಯ ಮರಾಠಿ ಮಾವಶಿ ಚುಡಾಯಿಸದೆ ಬಿಡುತ್ತಿರಲಿಲ್ಲ. "ಕಾಯ್ ವಾರಿಜಾತಾಯಿ, ನುಸ್ತಂ ಪೋಟ್ ವಾಢ್ತಂಯ್!" ಬರೀ ಹೊಟ್ಟೆ ಬೆಳೆಯುತ್ತಿದೆ ಎಂದು ನಗುವರು. ಇಡೀ ಕಾಲೊನಿಗೆ ಗೊಬ್ಬರದ ಪಾಠ ಹೇಳುತ್ತಿದ್ದ ವಾರಿಜಕ್ಕ ಆ ಮಾತಿಗೆ ತಾವೂ ನಗುತ್ತಿದ್ದರು. ಹೂ ಬರದಿದ್ದದ್ದನ್ನು ನಾನು ಕೃಪೆಯೆಂದು ಎಣಿಸಿಕೊಂಡೆ. ನಾಚಿಕೆಗೇಡು, ಆದರೆ ಎಣಿಸಿಕೊಂಡದ್ದು ನಿಜ.

ಈಗ ಆ ಕುಂಡ ನನ್ನ ಮನೆಗೇ ಬರುವುದಿತ್ತು. ದಿನವೂ ಅದರ ಮುಂದೆ ದೀಪ ಹಿಡಿದು ಓಡಾಡಬೇಕು. ನನ್ನಿಂದಾಗದು. ಕೈ ಒರೆಸಿಕೊಂಡು ಫೋನ್ ಮಾಡಿದೆ.

"ಅಕ್ಕಾ, ನಿಮಗ ಒಂದು ಮಾತು ಹೇಳಬೇಕ್ರೀ. ಆ ಗಿಡ ನಿಮ್ಮದಲ್ರೀ. ನಿಮ್ಮದು ನನ್ನ ಕೈಯಾಗ ಸತ್ತುಹೋತು. ಇದು ನಾ ದಾದರ್‌ದಿಂದ ತಂದದ್ದು."

ಅತ್ತ ಕಡೆಯಿಂದ ಮಿಕ್ಸರಿನ ಸದ್ದು ನಿಂತಿತು.

"ಅದಕ್ಕೇ ಅಲ್ವಾ ನಿನಗೇ ಸೇರಬೇಕಾದ್ದು ಅಂದದ್ದು? ಬಾಗಿಲು ತೆರೆದ ದಿನವೇ ಗೊತ್ತಾಯ್ತು ನಂಗೆ. ನಮ್ಮದರ ಹೊಟ್ಟೆ ಎಡಕ್ಕೆ ಮಡಚಿತ್ತು, ನಿನ್ನದರದ್ದು ಬಲಕ್ಕೆ. ಮತ್ತೆ ಡಬ್ಬದಲ್ಲಿ ಮೊಸರಿನ ವಾಸನೆ. ಮೇಲಿಂದ ನೀನು ಹೋಳಿಗೆ ಬೇರೆ ತಂದಿ. ಹಬ್ಬ ಇಲ್ಲದೆ ಹೋಳಿಗೆ ಮಾಡುವ ಜನವಾ ನೀನು?"

"ಮತ್ತ ಹೂ ಬಿಡಲಿಲ್ಲಲ್ರೀ..."

"ಯಾರು ಹೇಳಿದ್ದು? ಮೊದಲ ಬೇಸಿಗೆಯಲ್ಲೇ ಮೊಗ್ಗು ಬಂತು. ತುದಿ ನೋಡಿದರೆ ಗುಲಾಬಿ ಬಣ್ಣ, ನಮ್ಮದರ ಕೆಂಪಲ್ಲ. ಅರಳಿದರೆ ನೀನು ನೋಡ್ತಿ, ಮುಖ ತಪ್ಪಿಸ್ತಿ, ಆ ಬದಿಯ ಬಾಗಿಲು ಹಾಕ್ಕೊಳ್ತಿ. ಅವರೂ ಇಲ್ಲ, ಗಿಡವೂ ಇಲ್ಲ, ನೀನೂ ಬಾಗಿಲು ಹಾಕ್ಕೊಂಡ್ರೆ ನಾನು ಆ ಮಹಡಿಯಲ್ಲಿ ಯಾರ ಹತ್ರ ಮಾತಾಡ್ಲಿಕ್ಕೆ? ಅಲ್ಲಿ ಇದ್ದಷ್ಟು ವರ್ಷ ಬೆಳಿಗ್ಗೆ ಎದ್ದು ಮೊಗ್ಗು ಚಿವುಟಿದೆ. ಡೊಂಬಿವಲಿಗೆ ಬಂದ ಮೇಲೆ ಚಿವುಟುದು ಬಿಟ್ಟೆ. ಈಗ ಮೈತುಂಬ ಹೂ."

ಮೂಗು ಎಳೆದುಕೊಂಡೆ. ಅರ್ಧ ಮುಚ್ಚಳ ಅಳೆದು ಹಾಕಿ ಬರಿಸಿದ ಮೊಗ್ಗನ್ನು ತಾವೇ ಕಿತ್ತು, ಆಮೇಲೆ ಕೆಳಗಿಳಿದು ಮಾವಶಿಯ ನಗುವನ್ನೂ ಕೇಳುತ್ತಿದ್ದರು. ಅಷ್ಟು ವರ್ಷ ನಾನು ತಪ್ಪು ಕೃಪೆಯನ್ನು ಎಣಿಸಿಕೊಂಡು ಕೂತಿದ್ದೆ.

"ಅಳಬೇಡ ಮಾರಾಯ್ತಿ, ಕೇಳು. ಈಗ ಹೊಸ ಎಲೆ ಬರ್ತಾ ಉಂಟು. ಜಾಗ ಬದಲಾದದ್ದಕ್ಕೆ ಹದಿನೈದು ದಿನ ಏನೂ ಕೊಡಬೇಡ. ಆಮೇಲೆ ತಿಂಗಳಿಗೊಮ್ಮೆ ಅರ್ಧ ಮುಚ್ಚಳ. ಮತ್ತೆ ನಿನ್ನ ದೇವರಿಗೆ ಹೇಳು, ತೀರ್ಥ ಬೇಡ!"

ಫೋನ್ ಇಟ್ಟು ನೋಡಿದರೆ ಪಾತ್ರೆಗಳ ಮೇಲೆ ಹುಣಸೆ ಒಣಗಿ ಕಲೆ ಕಟ್ಟಿತ್ತು. ಮತ್ತೆ ನೀರು ಹಾಕಿ ತಿಕ್ಕಿದೆ. ಮೊಮ್ಮಗಳ ಕೆಮ್ಮಿನ ಔಷಧದ ಖಾಲಿ ಬಾಟಲಿ ಕಟ್ಟೆಯ ಮೇಲಿತ್ತು. ಅದರ ಮುಚ್ಚಳ ತೆಗೆದು ತೊಳೆದು, ಪಂಚಪಾತ್ರೆ ಉದ್ಧರಣೆಗಳ ಪಕ್ಕದಲ್ಲೇ ಬೋರಲು ಹಾಕಿದೆ. ಆಮೇಲೆ ಕುಕ್ಕರಿಗೆ ಅಕ್ಕಿ ತೊಳೆಯಲು ಎದ್ದೆ. ತೊಳೆದ ನೀರಿನಲ್ಲಿ ಒಂದು ಲೋಟ ತುಳಸಿಗೆಂದು ತೆಗೆದಿಟ್ಟು, ಉಳಿದದ್ದನ್ನು ಸಿಂಕಿಗೆ ಚೆಲ್ಲಿದೆ.