ಒಂದೇ ಗುಂಡಿನ ಬಂದೂಕು

ಆಟದ ಕಂಪನಿಯವರು ಆ ಬಂದೂಕನ್ನು ತೆಗೆದುಹಾಕುತ್ತಾರಂತೆ ಎಂದು ಗೊತ್ತಾದ ದಿನ ನಾನು ಹೆದರಿಬಿಟ್ಟೆ. ನಗಬೇಡಿ. ಮೊಬೈಲಿನ ಆಟದ ಬಂದೂಕಿಗೆ ಇಷ್ಟು ಹೆದರುವುದಾ ಅಂತ ನೀವು ಕೇಳಬಹುದು. ಅಣ್ಣನ ಸ್ವರ ನನಗೆ ಕೇಳುತ್ತಿದ್ದದ್ದು ಅದೊಂದರ ದೆಸೆಯಿಂದ.

ಅಣ್ಣ ಗಂಗೊಳ್ಳಿಯಲ್ಲಿ ಅಪ್ಪಯ್ಯನ ಜೊತೆ ಮೀನಿಗೆ ಹೋಗುತ್ತಿದ್ದವನು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಬದುಕಿ ಬಂದ ಮೇಲೆ, ಇನ್ನು ಕಡಲಿಗಿಲ್ಲ ಅಂದ. ಅಪ್ಪಯ್ಯ ಬಂದರದಲ್ಲಿ ಹತ್ತು ಜನರೆದುರು “ಹೆದರುಪುಕ್ಕಲ” ಅಂದುಬಿಟ್ಟರು. ಅವನು ಮುಂಬಯಿಗೆ ಹೋಗಿ ಹೋಟೆಲಿನ ಅಡುಗೆಮನೆ ಸೇರಿದ. ಮನೆಗೆ ಒಂದು ಫೋನಿಲ್ಲ, ನಂಬರೂ ಕೊಡಲಿಲ್ಲ. ಎಷ್ಟೋ ಸಮಯದ ಮೇಲೆ, ನಾನು ಆಡುತ್ತಿದ್ದ ಆಟದೊಳಗೆ ಅವನೇ ನನ್ನ ಹೆಸರು ಹುಡುಕಿಕೊಂಡು ಬಂದ. ಜೊತೆಗೆ ಆಡುವವರು ಅದರಲ್ಲೇ ಮಾತೂ ಆಡಬಹುದು. ಇಯರ್‌ಫೋನಿನಲ್ಲಿ “ಹ್ವಾಯ್, ಎಂತ ಮಾಡ್ತಿದ್ದೆ?” ಅಂತ ಕೇಳಿದಾಗ ನಾನು ಅತ್ತುಬಿಟ್ಟೆ.

ನಾನು ಐಸ್ ಪ್ಲಾಂಟಿನ ಆಫೀಸಿನಿಂದ ಊಟಕ್ಕೆ ಬಂದಾಗ ಅವನಿಗೂ ಹೋಟೆಲಿನಲ್ಲಿ ಬಿಡುವು. ಆಗ ಆಡುತ್ತಿದ್ದೆವು. ಅವನದು ಹಳೇ ಬಂದೂಕು, ಒಂದು ಸಲಕ್ಕೆ ಒಂದೇ ಗುಂಡು. ಆಟದೊಳಗಿನ ಯಾವುದಾದರೂ ಮನೆಯ ಹೆಂಚಿನ ಮಾಡಿನ ಮೇಲೆ ಮಲಗಿ, ಗಾಳ ಹಾಕಿದವರ ಹಾಗೆ ಎದುರಾಳಿಗೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಮಾತ್ರ ಅವನು ಬಾಯಿ ಬಿಡುತ್ತಿದ್ದ. “ಬಂಗ್ಡೆ ಬಂತಾ? ಅಪ್ಪಯ್ಯ ಕಡ್ಲಿಗೆ ಹೋತ್ರಾ?” ಅವನೇ ಕೇಳಬೇಕು. ನಾನಾಗಿ ಅಪ್ಪಯ್ಯನ ಸುದ್ದಿ ಎತ್ತಿದರೆ ಆಟ ಬಿಟ್ಟು ಹೋಗುತ್ತಿದ್ದ. ಇಬ್ಬರದೂ ಒಂದೇ ಹಟ, ಎಂತ ಮಾಡುವುದು.

ಆ ಮಳೆಗಾಲ ಅಪ್ಪಯ್ಯನ ಗಂಟಲು ಕಟ್ಟಿತು, ಬಿಡಲೇ ಇಲ್ಲ. ದೊಡ್ಡಾಸ್ಪತ್ರೆಯಲ್ಲಿ ನೋಡಿ, ಗಡ್ಡೆ ಇದೆ, ಸ್ವರಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪಯ್ಯ ಕಿಟಕಿಯ ಹೊರಗೆ ನೋಡುತ್ತ, “ಅವ್ನತ್ರ ಒಂದ್ ಮಾತ್ ಹೇಳ್ಕ್” ಅಂದರು. ಸ್ವರ ಹೋಗುವ ಮೊದಲು ಅಣ್ಣನಿಗೆ ಏನೋ ಹೇಳಬೇಕಿತ್ತು.

ಅದೇ ವಾರ ಆಟದಲ್ಲಿ ಪ್ರಕಟಣೆ. ಎಲ್ಲರೂ ಅದದೇ ಆಯುಧ ಹಿಡಿದರೆ ಆಟ ಹಳಸುತ್ತದೆ, ಹಳೆಯವಕ್ಕೆ ನಿವೃತ್ತಿ ಕೊಟ್ಟು ಹೊಸದು ತರುತ್ತೇವೆ ಅಂತ. ನಿವೃತ್ತಿಯಂತೆ! ಅಣ್ಣನ ಬಂದೂಕಿನ ಚಿತ್ರ ಬೂದಿ ಬಣ್ಣಕ್ಕೆ ತಿರುಗಿತ್ತು, ಕೆಳಗೆ ಉಳಿದ ದಿನಗಳು ಇಳಿಯುತ್ತಿದ್ದವು. ಆಪರೇಷನ್ನಿನ ದಿನವೂ ಹತ್ತಿರ ಬರುತ್ತಿತ್ತು. ಕಡಲು ಹಗಲಿಡೀ ಮೊರೆಯುತ್ತಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ.

ಬಂದೂಕು ಹೋಗುವುದಕ್ಕೆ ಸ್ವಲ್ಪ ಮೊದಲು, ಮಾಡಿನ ಮೇಲೆ ಮಲಗಿದ್ದಾಗ ಅಣ್ಣನಿಗೆ ಅಪ್ಪಯ್ಯನ ವಿಷಯವೆಲ್ಲ ಹೇಳಿಯೇಬಿಟ್ಟೆ. ಅವನು ಆಟ ಬಿಟ್ಟು ಹೋಗಲಿಲ್ಲ. “ನಾಳೆ ಅವ್ರನ್ನ ಕೂರ್ಸ್ಕೋ” ಅಂದ. ಆಟಗೀಟ ಬಿಟ್ಟು ಫೋನ್ ಮಾಡು ಮಾರಾಯಾ ಅಂದರೆ, “ಇಲ್ಲೇ ಸಾಕ್” ಅಂದ. ಕೈಗೊಂದು ಕೆಲಸವಿಲ್ಲದೆ ಅಪ್ಪಯ್ಯನ ಹತ್ತಿರ ಮಾತಾಡುವ ಧೈರ್ಯ ಅವನಿಗಿರಲಿಲ್ಲ.

ಮರುದಿನವೇ ಬಂದೂಕಿನ ಕೊನೆಯ ದಿನ. ಅಪ್ಪಯ್ಯ ಪೇಟೆಗೆ ಹೋಗುವ ಅಂಗಿ ಹಾಕಿ, ಇಯರ್‌ಫೋನಿನ ಒಂದು ತುದಿ ಕಿವಿಗಿಟ್ಟು ನನ್ನ ಪಕ್ಕ ಕೂತರು. “ಅಪ್ಪಯ್ಯ?” ಅಂದ ಅಣ್ಣ. ಅಪ್ಪಯ್ಯನ ಬಾಯಿಂದ ಮಾತು ಹೊರಡಲಿಲ್ಲ. ಕಡಲಲ್ಲಿ ಬೊಬ್ಬೆ ಹೊಡೆದೇ ಮಾತಾಡಿದ ಮನುಷ್ಯ! ಹೇಳಿ, ಹೇಳಿ ಅಂತ ನಾನು ತಿವಿದೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಬಂದು ನಮ್ಮಿಬ್ಬರನ್ನೂ ಹೊಡೆದು ಆಟ ಮುಗಿಸಿದರು. ಅಣ್ಣನಿಗೂ ಕೆಲಸದ ಹೊತ್ತಾಯಿತು. “ನಾಳೆ ಹೇಳ್ತೆ ಬಿಡ್” ಅಂದರು ಅಪ್ಪಯ್ಯ. ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಮರುದಿನ ಬಂದೂಕಿರಲಿಲ್ಲ. ಹೊಸದು ನಿಲ್ಲಿಸದೆ ಗುಂಡು ಸುರಿಯುವಂಥದ್ದು. ಮಲಗಿ ಕಾಯುವವರನ್ನು ಆಟವೇ ಬದುಕಗೊಡುತ್ತಿರಲಿಲ್ಲ. ಓಡು, ಎಡಕ್ಕೆ, ಬಲಕ್ಕೆ, ಅಣ್ಣನ ಬಾಯಲ್ಲಿ ಇಷ್ಟೇ. ಅಪ್ಪಯ್ಯ ನನ್ನ ಪಕ್ಕ ಕೂತು, ಮಾತಿಗೆ ಸಂದು ಸಿಗದೆ ಎದ್ದು ಹೋದರು. ಅದರ ಮರುದಿನವೂ ಹಾಗೇ. ಆಮೇಲೆ ಆಸ್ಪತ್ರೆ.

ಮನೆಗೆ ಬಂದಾಗ ಅಪ್ಪಯ್ಯನ ಕತ್ತಿನಲ್ಲೊಂದು ತೂತು, ಉಸಿರೆಲ್ಲ ಅದರಿಂದಲೇ. ಒಂದು ಮಧ್ಯಾಹ್ನ ಅಣ್ಣ ಆಟಕ್ಕೆ ಬಂದ. ಅಪ್ಪಯ್ಯ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಇಯರ್‌ಫೋನಿನ ವಯರು ಎಳೆದು ಹಾಕಿ, ಬಾಯಿಯ ಹತ್ತಿರ ಹಿಡಿದು ಏನೇನೋ ಹೇಳತೊಡಗಿದರು. ತುಟಿ ಆಡುತ್ತಿತ್ತು. ಕತ್ತಿನಿಂದ ಬರೀ ಉಸಿರು.

“ಎಂತ ಅದ್ ಸದ್ದ್? ಅಲ್ಲಿ ಗಾಳಿಯಾ?” ಅಂದ ಅಣ್ಣ, ಆಟದಲ್ಲಿ ಓಡುತ್ತಲೇ.

“ಗಾಳಿ ಅಲ್ಲ. ಅಪ್ಪಯ್ಯ” ಅಂದೆ.

ಅವನು ಬಟ್ಟಬಯಲಲ್ಲಿ ನಿಂತುಬಿಟ್ಟ. ಅಪ್ಪಯ್ಯ ಇನ್ನೂ ಹೇಳುತ್ತಲೇ ಇದ್ದರು.